ನಾನು ಎಳೆದ ಕೆಂಪು ಗೆರೆ

(ಊರಿನ ಹಳೆಯ ಕಟ್ಟಡಗಳು ಮತ್ತು ರಸ್ತೆ ಯೋಜನೆಗಳ ಕುರಿತು ರಾಯಚೂರಿನಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರುವಿನಲ್ಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಕಟ್ಟಡಗಳ ಪರವಾಗಿ ಮಾತಾಡಲು ನನ್ನನ್ನು ಕರೆದಿದ್ದೀರಿ. ಆದರೆ ನೌಕರಿಯ ಮೂವತ್ತು ವರ್ಷ ನಾನು ಮಾಡಿದ್ದು ಅವುಗಳನ್ನು ಕೆಡವಲು ಗೆರೆ ಎಳೆಯುವ ಕೆಲಸ. ನಾನು ಡ್ರಾಫ್ಟ್ಸ್‌ಮನ್. ಸರ್ವೆಯವರು ಚೈನು ಹಿಡಿದು ಅಳೆದು ತಂದ ಫೀಲ್ಡ್ ಬುಕ್ಕು ನನ್ನ ಮೇಜಿಗೆ ಬರುತ್ತಿತ್ತು. ರಸ್ತೆ ಇಷ್ಟು ಮೀಟರ್ ಆಗಬೇಕು ಎಂದು ಮೇಲಿನಿಂದ ಒಂದು ಅಂಕಿ ಬರುತ್ತಿತ್ತು. ನಾನು ರಸ್ತೆಯ ನಡುಗೆರೆ ಹಾಕಿ, ಆ ಅಂಕಿಯ ಅರ್ಧವನ್ನು ಈ ಕಡೆ, ಅರ್ಧವನ್ನು ಆ ಕಡೆ ಅಳೆದು, ಟ್ರೇಸಿಂಗ್ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆಯುತ್ತಿದ್ದೆ. ಆ ಗೆರೆಗಳ ನಡುವೆ ಬಂದದ್ದೆಲ್ಲ ರಸ್ತೆ.

ನಕಾಶೆಯಲ್ಲಿ ಮನೆ ಎಂದರೆ ನಾಲ್ಕು ಗೆರೆ, ಒಳಗೊಂದು ನಂಬರು. ಕೆಂಪು ಗೆರೆ ಪಡಸಾಲೆಯ ಮೇಲೆ ಹಾಯ್ದಿತೋ, ದೇವರ ಮನೆಯ ಮೇಲೆ ಹಾಯ್ದಿತೋ ಕಾಗದದಲ್ಲಿ ತಿಳಿಯುತ್ತಿರಲಿಲ್ಲ. ನಾವು ಬರೆಯುತ್ತಿದ್ದದ್ದು ಒಂದಕ್ಕೆ ಐನೂರರ ಸ್ಕೇಲಿನಲ್ಲಿ. ಪೆನ್ನಿನ ತುದಿ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಅದು ಕಾಲು ಮೀಟರ್, ಅಂದರೆ ಹತ್ತು ಅಂಗುಲ. ಗೆರೆಯ ದಪ್ಪದಲ್ಲೇ ಒಬ್ಬರ ಹೊಸ್ತಿಲು ಹೋಗಿರುತ್ತಿತ್ತು. ಇದನ್ನು ಲೆಕ್ಕ ಹಾಕಿ ನೋಡಿದ್ದು ನಾನು ನಿವೃತ್ತನಾದ ಮೇಲೆ. ನೌಕರಿಯಲ್ಲಿದ್ದಾಗ ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಮ್ಮ ಕೋಟೆಯ ಒಳಗೋಡೆಯಲ್ಲಿ, ಪಡುವಣ ದಿಕ್ಕಿಗೆ, ಒಂದೇ ಕಲ್ಲು ಸುಮಾರು 41 ಅಡಿ ಉದ್ದದ್ದು ಕೂತಿದೆ. ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ, ನೋಡದವರು ನಾಳೆಯೇ ಹೋಗಿ. ಅದರ ಮೇಲಿರುವುದು 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗೋರೆ ಗಂಗಯ ರೆಡ್ಡಿ ಎಂಬವನು ಈ ಕೋಟೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಆದವಾನಿ, ತುಂಬಳ, ಮಾನ್ವಿ ಹೀಗೆ ನಮ್ಮ ಸುತ್ತಲಿನ ಊರುಗಳ ಹೆಸರೂ ಬರುತ್ತವೆ. ನನ್ನ ಕಣ್ಣು ಮಾತ್ರ ಯಾವಾಗಲೂ ಶಾಸನಕ್ಕಿಂತ ಪಕ್ಕದ ಗೀರುಚಿತ್ರದ ಮೇಲೆ. ಇದೇ ಕಲ್ಲನ್ನು ತಂದ ಬಗೆಯನ್ನು ಯಾರೋ ಅಲ್ಲಿ ಗೀರಿಟ್ಟಿದ್ದಾನೆ. ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದನೆಯ ಸಾಲು, ಅವನ್ನು ಹುರಿದುಂಬಿಸಿ ಹೊಡೆಯುವವರು, ಗಾಲಿಯ ಬುಡಕ್ಕೆ ಮರ ಕೊಟ್ಟು ಮೀಟುವವರು. ನಮ್ಮ ಊರಿನ ಮೊದಲ ಸಾರಿಗೆ ನಕಾಶೆ ಅದು. ಸ್ಕೇಲಿಲ್ಲ, ಉತ್ತರ ದಿಕ್ಕಿನ ಬಾಣವಿಲ್ಲ, ಸಾಹೇಬರ ಸಹಿಯೂ ಇಲ್ಲ. ಆದರೂ ಏಳುನೂರು ವರ್ಷದ ಮೇಲೆ ನಿಂತು ನೋಡಿದರೆ ಕೆಲಸ ಹೇಗೆ ನಡೆಯಿತೆಂದು ತಿಳಿಯುತ್ತದೆ. ನಾನು ಬರೆದ ಅಮೋನಿಯಾ ಪ್ರಿಂಟುಗಳು ಹತ್ತು ವರ್ಷಕ್ಕೇ ಮಾಸಿ ಹೋದವು.

ಆ ಬಂಡಿ ಈಗಿಲ್ಲ, ಅದು ಬಂದ ದಾರಿಯ ಗುರುತೂ ಇಲ್ಲ. ಅದು ತಂದ ಕಲ್ಲು ಮಾತ್ರ ಇದೆ. ನಾನು ಇವತ್ತು ಹೇಳಲು ಬಂದಿರುವುದೂ ಇಷ್ಟೇ. ಊರಿನಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವುದು ಓಡಾಟದ ರೀತಿ, ತಡವಾಗಿ ಬದಲಾಗುವುದು ಕಟ್ಟಡ. ನಾವು ಬೇಗ ಬದಲಾಗುವುದರ ಕೈಗೆ ತಡವಾಗಿ ಬದಲಾಗುವುದರ ಜುಟ್ಟು ಕೊಟ್ಟು ಕೂತಿದ್ದೇವೆ.

ನಮ್ಮ ಊರನ್ನೇ ನೋಡಿ. ಕೋಟೆಯ ಕಾಲದಲ್ಲಿ ಊರಿನ ಓಡಾಟವೆಲ್ಲ ಬಾಗಿಲುಗಳ ಮೂಲಕ. ಮೆಕ್ಕಾ ದರವಾಜ, ನೌರಂಗಿ ದರವಾಜ, ಕಾಟಿ ದರವಾಜ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ಬೇರೆಲ್ಲೂ ಅಲ್ಲ, ರಾಯಚೂರಿನಲ್ಲೇ ಕೂಡಿದವು. ಊರು ದರವಾಜಗಳಿಗೆ ಬೆನ್ನು ಮಾಡಿ ಸ್ಟೇಷನ್ನಿಗೆ ಮುಖ ಮಾಡಿತು. 1932ರಲ್ಲಿ ನಿಜಾಮ್ ಸರ್ಕಾರ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತು. ರೈಲ್ವೆಯವರ ಕೈಕೆಳಗೇ ನಡೆದ ಬಸ್ಸುಗಳವು. ಕಾಲ ಕಳೆದಂತೆ ಬಸ್ಸಿನದೇ ಮೇಲುಗೈಯಾಗಿ ಊರು ಮತ್ತೆ ಕೋಟೆಯ ಕಡೆ ಹೊರಳಿತು, ನಮ್ಮ ಬಸ್ ನಿಲ್ದಾಣ ಇರುವುದೇ ಕೋಟೆಯ ಮಗ್ಗುಲಿಗಲ್ಲವೇ. ಆಮೇಲೆ ಲಾರಿ, ಈಗ ಬೈಪಾಸು, ರಿಂಗ್ ರೋಡು, ಜಿಲ್ಲೆಯ ಮೈಮೇಲೆ ಹಾಯುವ ಸೂರತ್-ಚೆನ್ನೈ ಹೆದ್ದಾರಿ. ಕೋಟೆಯ ಕಾಲ ಬಿಟ್ಟು ಲೆಕ್ಕ ಹಾಕಿದರೂ ನೂರೈವತ್ತು ವರ್ಷದಲ್ಲಿ ಊರು ನಾಲ್ಕು ಸಲ ಮಗ್ಗುಲು ಬದಲಿಸಿದೆ. ಪ್ರತಿ ಸಲವೂ ಹಳೆಯ ಮಗ್ಗುಲಿನ ಕಟ್ಟಡ ಕೆಡವಿದ್ದರೆ ಇವತ್ತು ನಮ್ಮ ಹತ್ತಿರ ಏನು ಉಳಿದಿರುತ್ತಿತ್ತು? ನೌರಂಗಿ ದರವಾಜ ಉಳಿದಿದ್ದರಿಂದ ಅದರೊಳಗೆ ವಸ್ತುಸಂಗ್ರಹಾಲಯ ಆಯಿತು. ಬಾಗಿಲ ಕೆಲಸ ನಿಂತರೂ ಅದಕ್ಕೆ ಬೇರೆ ಕೆಲಸ ಸಿಕ್ಕಿತು.

ಕಾನೂನೂ ಇದನ್ನು ಒಪ್ಪುತ್ತದೆ, ಒಪ್ಪಿದ್ದನ್ನು ನಾವು ಓದುವುದಿಲ್ಲ ಅಷ್ಟೇ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಮಾಸ್ಟರ್ ಪ್ಲ್ಯಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದು ಅದೇ ಹೇಳುತ್ತದೆ. ಅಂದರೆ ಯೋಜನೆಯ ಆಯುಷ್ಯ ಹತ್ತು ವರ್ಷ ಎಂದು ಯೋಜನೆ ಮಾಡುವವರಿಗೇ ಗೊತ್ತು. ಕಾಗದದ ಮೇಲಿನ ಗೆರೆಯನ್ನು ಹತ್ತು ವರ್ಷಕ್ಕೆ ಬದಲಿಸಬಹುದು, ಬ್ಲೇಡಿನಿಂದ ಶಾಯಿ ಕೆರೆದರೆ ಆಯಿತು. ನಾನೇ ಎಷ್ಟು ಕೆರೆದಿದ್ದೇನೆ! ಕೆಡವಿದ ಗೋಡೆಯನ್ನು ಯಾವ ಬ್ಲೇಡಿನಿಂದ ವಾಪಸು ತರೋಣ?

ಹೊಸದಾಗಿ ಕಟ್ಟಿದ್ದಾದರೂ ಬಾಳುತ್ತದೆಯೇ ಎಂದರೆ ಅದೂ ಇಲ್ಲ. ಪುಣೆಯ ವಿಶ್ವವಿದ್ಯಾಲಯ ವೃತ್ತದಲ್ಲಿ ಕಟ್ಟಿದ ಫ್ಲೈಓವರನ್ನು 2020ರಲ್ಲಿ ಮೆಟ್ರೋಗೆ ಅಡ್ಡಿ ಎಂದು ಒಡೆದರು. ಅದಕ್ಕೆ ಹದಿನೈದು ವರ್ಷವೂ ತುಂಬಿರಲಿಲ್ಲ. ದೆಹಲಿಯ ಬಿಆರ್‌ಟಿ ಬಸ್ ಪಥ 2008ರಲ್ಲಿ ಬಂತು, 2016ರಲ್ಲಿ ಕಿತ್ತುಹಾಕಿದರು. ನಮ್ಮ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ಸಿಗಾಗಿ ಇಪ್ಪತ್ತೆರಡು ಕಿಲೋಮೀಟರ್ ಉದ್ದಕ್ಕೆ ಮರಗಳೂ ಹೋದವು, ಕಟ್ಟಡಗಳೂ ಹೋದವು. 2018ರಲ್ಲಿ ಬಸ್ಸು ಓಡಿತು. ಈಗಲೇ ಅದರ ಜಾಗದಲ್ಲಿ ಬೇರೇನೋ ತರುವ ಮಾತು ನಡೆದಿದೆ. ಬಸ್ಸು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ನಾನೂ ಆ ಬಸ್ಸಿನಲ್ಲಿ ಹಾಯಾಗಿ ಹೋಗಿದ್ದೇನೆ. ಆದರೆ ಆ ಮರಗಳು?

ದೂರದ ಒಂದು ಊರಿನ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1898ರಲ್ಲಿ ಕಡಲ ದಂಡೆಗೆ ಫೆರಿ ಬಿಲ್ಡಿಂಗ್ ಎಂದು ಒಂದು ದೊಡ್ಡ ನಿಲ್ದಾಣ ಕಟ್ಟಿದರು, ಮೇಲೊಂದು ಗಡಿಯಾರದ ಗೋಪುರ. ಜನ ಹಡಗಿನಲ್ಲಿ ಬಂದು ಅಲ್ಲಿಳಿದು ಊರಿಗೆ ಹೋಗುತ್ತಿದ್ದರು. 1936ರಲ್ಲಿ ಕೊಲ್ಲಿಗೆ ಅಡ್ಡಲಾಗಿ ಸೇತುವೆ ಬಂತು, ಮರುವರ್ಷ ಇನ್ನೊಂದು. ಹಡಗಿನ ಜನ ಕಡಿಮೆಯಾದರು, ನಿಲ್ದಾಣದ ಒಳಗೆ ಗೋಡೆ ಅಡ್ಡ ಹಾಕಿ ಆಫೀಸು ಮಾಡಿದರು. 1959ರಲ್ಲಿ ಅದರ ಮೂಗಿನ ಮುಂದೆಯೇ ಎರಡಂತಸ್ತಿನ ಕಾಂಕ್ರೀಟ್ ಹೆದ್ದಾರಿ ಎಬ್ಬಿಸಿದರು. ಊರಿನವರಿಗೆ ಗಡಿಯಾರ ಕಾಣಬೇಕಾದರೆ ಕಂಬಗಳ ಸಂದಿಯಲ್ಲಿ ಇಣುಕಬೇಕು. ಮೂವತ್ತು ವರ್ಷ ಹಾಗೇ ನಡೆಯಿತು. 1989ರ ಅಕ್ಟೋಬರಿನಲ್ಲಿ ಭೂಕಂಪ. ಹೆದ್ದಾರಿ ಬಿರುಕು ಬಿಟ್ಟಿತು, 1991ರಲ್ಲಿ ಅದನ್ನು ಒಡೆದು ಹಾಕಿದರು. ಹಳೆಯ ನಿಲ್ದಾಣ ನಿಂತಲ್ಲೇ ನಿಂತಿತ್ತು. ಒಳಗಿನ ಅಡ್ಡಗೋಡೆಗಳನ್ನು ತೆಗೆದು, 2003ರಲ್ಲಿ ಅದನ್ನು ಕಾಯಿಪಲ್ಲೆ, ರೊಟ್ಟಿ, ಮೀನಿನ ಸಂತೆಯಾಗಿ ತೆರೆದರು. ಈಗ ಅಲ್ಲಿಂದಲೇ ಮತ್ತೆ ಹಡಗು ಹೊರಡುತ್ತವೆ. ಸೇತುವೆ ಬಂದಾಗಲೋ ಹೆದ್ದಾರಿ ಬಂದಾಗಲೋ ಯಾರೋ ನನ್ನಂಥವನು ಅದರ ಮೇಲೊಂದು ಕೆಂಪು ಗೆರೆ ಎಳೆದಿದ್ದರೆ ಮುಗಿದಿತ್ತು.

ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನ ಕಲ್ಲಿನ ಕಮಾನಿಗೆ ಆ ಅದೃಷ್ಟ ಇರಲಿಲ್ಲ. ಸ್ಟೇಷನ್ ಹಿಗ್ಗಿಸಲು 1961ರಲ್ಲಿ ಕೆಡವಲು ಶುರು ಮಾಡಿದರು. ಬಹಳಷ್ಟು ಕಲ್ಲು ಹಳ್ಳದ ಗುಂಡಿ ಮುಚ್ಚಲು ಹೋಯಿತು, ಅಲ್ಲಿದೆ ಎಂದು ಪತ್ತೆಯಾಗಿದ್ದೇ 1994ರಲ್ಲಿ. ಈಗ ಅವೇ ಕಲ್ಲು ಎತ್ತಿ ಮತ್ತೆ ಕಮಾನು ಕಟ್ಟೋಣ ಎನ್ನುವವರೂ ಇದ್ದಾರೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮಜ್ಜ ಕಟ್ಟಿಸಿದ ಮನೆ ಇದೇ ಊರಿನ ಒಂದು ರಸ್ತೆಯಲ್ಲಿದೆ. ಕಲ್ಲು, ಸುಣ್ಣದ ಗಾರೆ, ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದಿ ಪರ್ಸಿ. ನಾನು ನಿವೃತ್ತನಾದ ಎರಡನೇ ವರ್ಷ ಒಂದು ಮುಂಜಾನೆ ಬಾಗಿಲು ತೆರೆದರೆ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಬಾಣದ ಗುರುತು, ಪಕ್ಕದಲ್ಲಿ ಒಂಬತ್ತು ಅಡಿ ಆರು ಅಂಗುಲ ಎಂದು ಬರೆದಿತ್ತು. ಗೆರೆ ನನ್ನದಲ್ಲ, ನನ್ನ ನಂತರದವರು ಕಂಪ್ಯೂಟರಿನಲ್ಲಿ ಎಳೆದದ್ದು. ಆದರೂ ನೋಡಿದ ಕೂಡಲೇ ಗುರುತು ಹಿಡಿದೆ. ನಡುಗೆರೆಯಿಂದ ಅರ್ಧ ಈ ಕಡೆ, ಅರ್ಧ ಆ ಕಡೆ.

ಜೆಸಿಬಿ ಬಂದ ದಿನ ಗೋಡೆ ಬೀಳಲಿಲ್ಲ. ಬಕೆಟ್ಟಿನಿಂದ ದಬ್ಬಿದರೆ ಗಾಡಿಯೇ ಹಿಂದಕ್ಕೆ ಸರಿಯುತ್ತಿತ್ತು. ಬ್ರೇಕರ್ ತಂದು ಕುಟ್ಟಿದರು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ಮಧ್ಯಾಹ್ನ ಮೂರಾದರೂ ಮುಗಿಯಲಿಲ್ಲ. ಗಾಡಿ ಹೊಡೆಯುವ ಹುಡುಗ ಇಳಿದು ಬಂದು ನೀರು ಕೇಳಿದ. "ಅಜ್ಜಾರ, ಈ ಗ್ವಾಡಿಗೆ ಏನ್ ಹಾಕ್ಯಾರ್ರೀ? ಮೂರು ಮನಿ ಕೆಡವೋ ಟೈಮು ಇದೊಂದಕ್ಕ ಹೋತಲ್ರೀ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಒಂಥರಾ ಗೌರವವೇ ಇತ್ತು. ಸಂಜೆಗೆ ಪಡಸಾಲೆ ಹೋಗಿತ್ತು. ನಡುಮನೆಯ ಗೋಡೆ ರಸ್ತೆಗೆ ತೆರೆದುಕೊಂಡಿತ್ತು. ಅದರಲ್ಲೊಂದು ದೀಪದ ಗೂಡು, ಗೂಡಿನ ಮೇಲ್ಭಾಗಕ್ಕೆ ಎಷ್ಟೋ ವರ್ಷದ ಮಸಿ. ಒಳಗಿದ್ದಾಗ ಅದನ್ನು ನಾವ್ಯಾರೂ ಸರಿಯಾಗಿ ನೋಡಿರಲಿಲ್ಲ. ಈಗ ಬಸ್ಸಿನಲ್ಲಿ ಹೋಗುವವರೂ ನೋಡುತ್ತಿದ್ದರು. ಅವ್ವ ಹೋಗಿ ಅದಕ್ಕೊಂದು ಕ್ಯಾಲೆಂಡರ್ ಅಡ್ಡ ಹಾಕಿದಳು.

ಆಮೇಲೆ ಏನಾಯಿತು ಎಂದರೆ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇಬ್ಬರು ಕೋರ್ಟಿನಿಂದ ತಡೆ ತಂದರು. ರಸ್ತೆ ಅಲ್ಲಿ ಮೊದಲಿನಷ್ಟೇ ಉಳಿಯಿತು. ಲಾಳಿಕೆಯ ಬಾಯಿ ಹಿಗ್ಗಿಸಿ ಕೆಳಗಿನ ತೂತು ಹಾಗೇ ಬಿಟ್ಟಂತೆ. ಮೂರು ವರ್ಷಕ್ಕೆ ದೊಡ್ಡ ಗಾಡಿಗಳನ್ನೆಲ್ಲ ಹೊರಗಿನ ರಸ್ತೆಗೆ ತಿರುಗಿಸಿದರು. ನಮ್ಮ ಪಡಸಾಲೆ ಇದ್ದ ಒಂಬತ್ತೂವರೆ ಅಡಿಯಲ್ಲಿ ಈಗ ಬೈಕು ನಿಲ್ಲುತ್ತವೆ, ಸಂಜೆ ಒಂದು ಮಿರ್ಚಿ ಬಂಡಿ. ಮಿರ್ಚಿ ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು.

ಅವ್ವನಿಗೆ ಆ ಮನೆಯ ಬಗ್ಗೆ ನನ್ನಷ್ಟು ಮರುಕವಿಲ್ಲ. ಪರಿಹಾರದ ದುಡ್ಡಿನಲ್ಲಿ ಹಿಂದುಗಡೆ ಒಂದು ಬಚ್ಚಲು ಕಟ್ಟಿಸಿದೆವು, ಗೀಜರ್ ಹಾಕಿಸಿದೆವು. "ಐವತ್ತು ವರ್ಷ ಹಿತ್ತಲಾಗ ನೀರು ಕಾಸೀನಿ. ಆವಾಗ ನಿನಗ ಹಳೇದು ಅಂತ ಪ್ರೀತಿ ಇರಲಿಲ್ಲೇನು?" ಎಂದು ಕೇಳುತ್ತಾಳೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಳೆಯದೆಲ್ಲ ಉಳಿಯಲಿ ಎನ್ನುವ ಗುಂಪಿನವನು ನಾನಲ್ಲ. ತೊಲೆ ಗೆದ್ದಲು ತಿಂದು, ಮಳೆಗಾಲದಲ್ಲಿ ಮಾಳಿಗೆ ಕುಸಿದು ಜನ ಸತ್ತಾರೆಂದು ಹೆದರಿ ಕೂರುವ ಮನೆಯನ್ನು ಕೆಡವಲೇಬೇಕು. ಗಟ್ಟಿಮುಟ್ಟಾಗಿರುವುದನ್ನು ಒಂದು ಅಂಕಿಗೋಸ್ಕರ ಸೀಳಬೇಡಿ ಎನ್ನುವುದಷ್ಟೇ ನನ್ನ ತಕರಾರು.

ಹಾಗಾದರೆ ನಡೆಯುವವರಿಗೆ ಜಾಗ ಎಲ್ಲಿಂದ ತರೋಣ? ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಗೆ ಹೋದವರು ನೆನಪಿಸಿಕೊಳ್ಳಿ. ಅಲ್ಲಿ ಫುಟ್‌ಪಾತ್ ಇರುವುದು ಕಟ್ಟಡಗಳ ಹೊಟ್ಟೆಯೊಳಗೆ. ಕೆಳಗಿನ ಅಂತಸ್ತಿನ ಮುಂಭಾಗ ಉದ್ದಕ್ಕೂ ಕಮಾನಿನ ಸಾಲು, ಜನ ಅದರಡಿ ನಡೆಯುತ್ತಾರೆ, ಮೇಲಿನ ಅಂತಸ್ತು ಮಾಲೀಕರದ್ದೇ. ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಸಿಂಗಾಪುರದಲ್ಲಿ 1822ರ ನಗರ ಯೋಜನೆಯಲ್ಲೇ ಪ್ರತಿ ಮನೆಯ ಮುಂದೆ ಹೀಗೆ ಮಾಡಿನ ಕೆಳಗಿನ ದಾರಿ ಬಿಡಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಮೇ ತಿಂಗಳ ರಾಯಚೂರಿಗೆ ಇದಕ್ಕಿಂತ ಬೇಕಾದ್ದು ಇನ್ನೇನಿದೆ? ನಮ್ಮ ಪಡಸಾಲೆ ಒಡೆಯುವ ಬದಲು ಅದರ ಎರಡು ಪಕ್ಕದ ಗೋಡೆಯಲ್ಲಿ ಕಮಾನು ಕೊರೆದು, ಅಕ್ಕಪಕ್ಕದವರ ಪಡಸಾಲೆಗೂ ಹಾಗೇ ಕೊರೆದು, ಜನರಿಗೆ ಓಡಾಡಲು ಬಿಟ್ಟುಕೊಡಿ ಎಂದಿದ್ದರೆ ನಾನು ಖುಷಿಯಿಂದ ಬಿಡುತ್ತಿದ್ದೆ. ರಸ್ತೆಯಲ್ಲಿ ಈಗ ಫುಟ್‌ಪಾತಿಗೆ ಹೋಗುವ ಅಗಲ ಗಾಡಿಗಳಿಗೆ ಸಿಗುತ್ತಿತ್ತು. ಎಲ್ಲ ರಸ್ತೆಗೂ ಇದು ಹೊಂದುವುದಿಲ್ಲ, ಗೊತ್ತು. ಪಡಸಾಲೆಗಳ ನೆಲಮಟ್ಟ ಒಂದೊಂದು ಮನೆಗೆ ಒಂದೊಂದು, ಕಟ್ಟೆ ಹತ್ತಿ ಇಳಿಯುವುದೇ ಆಗುತ್ತದೆ. ಆದರೆ ಹೊಂದುವ ಕಡೆಯಾದರೂ ಅಳೆದು ನೋಡಲಿಲ್ಲವಲ್ಲ.

ಜಾಗ ಕಳಕೊಂಡವರಿಗೆ ದುಡ್ಡಿನ ಬದಲು ಟಿಡಿಆರ್ ಪತ್ರ ಕೊಡುವ ಅವಕಾಶವೂ ಕಾನೂನಿನಲ್ಲಿದೆ. ಬೇರೆ ಕಡೆ ಹೆಚ್ಚು ಅಂತಸ್ತು ಕಟ್ಟುವ ಹಕ್ಕು, ಬೇಕಾದರೆ ಮಾರಿಕೊಳ್ಳಬಹುದು. ಬೆಂಗಳೂರಿನಲ್ಲಿ ಕೊಳ್ಳುವವರಿದ್ದಾರೆ. ಎರಡನೇ ಅಂತಸ್ತಿಗೇ ಬಾಡಿಗೆದಾರ ಸಿಗದ ಊರಿನಲ್ಲಿ ಆ ಕಾಗದ ತೋರಿಸಿದರೆ ಚಹಾದಂಗಡಿಯವನೂ ಉದ್ರಿ ಕೊಡಲಿಕ್ಕಿಲ್ಲ.

ಹತ್ತಿ ಮಿಲ್ಲುಗಳ ಬಗ್ಗೆಯೂ ಹೇಳಬೇಕು. ರೈಲು ಇದ್ದಲ್ಲಿ ಹತ್ತಿ ಬಂತು, ಹತ್ತಿ ಬಂದಲ್ಲಿ ಜಿನ್ನಿಂಗ್ ಮಿಲ್ಲು. ವ್ಯಾಗನ್ನಿಗೆ ತುಂಬಲು ಅನುಕೂಲವೆಂದು ಸ್ಟೇಷನ್ನಿಗೆ ಹತ್ತಿರ ಕಟ್ಟಿದರು. ಈಗ ಅರಳೆ ಲಾರಿಯಲ್ಲಿ ಹೋಗುತ್ತದೆ, ಲಾರಿಗೆ ಹೊರಗಿನ ರಸ್ತೆಯೇ ಲೇಸು, ಮಿಲ್ಲುಗಳೂ ಹೊರಗೆ ಹೋದವು. ಹಿಂದೆ ಉಳಿದ ಷೆಡ್ಡುಗಳ ಒಳಗೆ ಹೋಗಿ ನೋಡಿದ್ದೀರಾ? ಅಗಲವಾದ ಅಂಕಣ, ನಡುವೆ ಕಂಬ ಕಡಿಮೆ, ಎತ್ತರದಲ್ಲಿ ಗಾಳಿ ಕಿಂಡಿ. ನಮ್ಮ ಊರಿನ ಮಕ್ಕಳು ಕೂತು ಓದುವ ಹಾಲಿಗೆ, ನಾಟಕದ ತಾಲೀಮಿಗೆ, ಭಾನುವಾರದ ಸಂತೆಗೆ ಇದಕ್ಕಿಂತ ಒಳ್ಳೆಯ ಜಾಗ ಹೊಸದಾಗಿ ಕಟ್ಟಲು ಎಷ್ಟು ಕೋಟಿ ಬೇಕು? ಪ್ಯಾರಿಸ್ಸಿನ ಓರ್ಸೆ ಸ್ಟೇಷನ್ 1900ರದು. ಉದ್ದನೆಯ ರೈಲು ಬಂದ ಮೇಲೆ ಅದರ ಪ್ಲ್ಯಾಟ್‌ಫಾರ್ಮ್ ಸಾಲದೆ ಹೋಯಿತು, ಕೆಡವಿ ಹೋಟೆಲ್ ಕಟ್ಟುವ ಮಾತೂ ನಡೆದಿತ್ತು. 1986ರಲ್ಲಿ ಅದು ಚಿತ್ರಗಳ ಮ್ಯೂಸಿಯಂ ಆಯಿತು. ನಮ್ಮ ಷೆಡ್ಡಿಗೆ ಅಷ್ಟು ದೊಡ್ಡ ಆಸೆ ಬೇಡ. ಒಂದು ನಲ್ಲಿ, ನಾಲ್ಕು ಫ್ಯಾನು, ಒಂದು ಶೌಚಾಲಯ ಸಾಕು.

ದೇವಸೂಗೂರಿನ ಹತ್ತಿರ ಕೃಷ್ಣೆಗೆ ಅಡ್ಡಲಾಗಿರುವ ನಿಜಾಮರ ಕಾಲದ ಸೇತುವೆ ನಿಮಗೆಲ್ಲ ಗೊತ್ತು. 1943ರಲ್ಲಿ ಮುಗಿದದ್ದು. ದುರಸ್ತಿಗೆಂದು ಮುಚ್ಚಿದಾಗ ಸುತ್ತು ಹಾಕಿದ್ದೂ ನೆನಪಿರಬೇಕು. ಅದರ ಕೆಲಸಕ್ಕೆ ಹೊಸ ಸೇತುವೆ ಬರುತ್ತಿದೆ. ಹೊಸದಕ್ಕೆ ರಿಬ್ಬನ್ ಕತ್ತರಿಸುವ ದಿನಕ್ಕೆ ಮುಂಚೆಯೇ ಹಳೆಯದನ್ನು ಏನು ಮಾಡುತ್ತೀರಿ ಎಂದು ನಾವು ಕೇಳಿಟ್ಟಿರಬೇಕು. ಲಾರಿ ಬಿಟ್ಟರೆ ಆ ಕಮಾನುಗಳ ಮೇಲೆ ಕುರಿ ಹಿಂಡು, ಸೈಕಲ್ಲು, ಸಂಜೆ ವಿಹಾರದವರು ಇನ್ನೂ ಎಷ್ಟು ಕಾಲ ಹೋಗಬಹುದು, ಎಂಜಿನಿಯರುಗಳು ಪರೀಕ್ಷಿಸಿ ಹೇಳಲಿ.

ಮಾತು ಮುಗಿಸಿದ ಮೇಲೆ ಒಬ್ಬ ಆಟೋದವರು ಎದ್ದರು. "ಸರ, ನೀವು ಹೇಳೋದು ಖರೆ ಅದ. ಆದ್ರ ತೀನ್ ಕಂದೀಲ್ ಹತ್ರ ಅರ್ಧ ತಾಸು ಸಿಕ್ಕೊಂಡು ನಿಂತ್ರ ನನ್ನ ಗ್ಯಾಸಿನ ರೊಕ್ಕ ಯಾರು ಕೊಡ್ತಾರ?" ನ್ಯಾಯವಾದ ಪ್ರಶ್ನೆ. ನಾನು ಅವರನ್ನೇ ಮರುಪ್ರಶ್ನೆ ಕೇಳಿದೆ, ಅಲ್ಲಿ ನಿಂತಾಗ ನಿಮ್ಮ ಮುಂದೆ ಯಾರ ಗಾಡಿ ಇರುತ್ತದೆ ಎಂದು. ಅವರು ಯೋಚಿಸಿ, ಸಾಮಾನು ಇಳಿಸುವ ಗೂಡ್ಸ್ ಗಾಡಿ, ಅಡ್ಡ ನಿಲ್ಲಿಸಿದ ಕಾರು, ಸುಮ್ಮನೆ ಊರು ದಾಟಿ ಹೋಗುವವರು ಎಂದರು. ಇದರಲ್ಲಿ ಮೊದಲ ಎರಡಕ್ಕೆ ಹೊತ್ತು ಗೊತ್ತುಮಾಡಿದರೆ ಸಾಕು, ಮೂರನೆಯವರಿಗೆ ರಿಂಗ್ ರೋಡು ಬೇಕು. ಗೋಡೆ ಇದರಲ್ಲೆಲ್ಲೂ ಬರಲಿಲ್ಲ. ನನ್ನ ನೌಕರಿಯಲ್ಲಿ ಅಗಲೀಕರಣ ಮೊದಲು, ಹೊರರಸ್ತೆ ಆಮೇಲೆ ಎಂಬ ಕ್ರಮವೇ ಇತ್ತು, ಯಾಕೆಂದರೆ ಮನೆ ಕೆಡವುವುದು ಬೇಗ ಕಾಣುವ ಕೆಲಸ. ಹೊರರಸ್ತೆ ಮೊದಲು ಮುಗಿಸಿ, ಆರು ತಿಂಗಳು ಕಾದು, ಮುಂಜಾನೆ ಸಂಜೆ ಗಾಡಿ ಎಣಿಸಿ, ಆಮೇಲೂ ಗೋಡೆ ಅಡ್ಡ ಬಂದರೆ ಕೆಡವಿ. ಆಗ ನಾನೇ ಬಂದು ಗೆರೆ ಎಳೆದು ಕೊಡುತ್ತೇನೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು, "ನಮ್ಮನಿ ಗ್ವಾಡಿಗೂ ಮೊನ್ನೆ ಪೇಂಟ್ ಹಚ್ಚ್ಯಾರ್ರೀ. ನಾವೇನು ಮಾಡಬೇಕು?" ಎಂದರು. ನೋಟಿಸು ಬಂದಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಿದ್ದರೆ ಮೊದಲು ಮಾಹಿತಿ ಹಕ್ಕಿನಲ್ಲಿ ನಕಾಶೆಯ ಪ್ರತಿ ಕೇಳಿ, ನಡುಗೆರೆಯನ್ನು ಎಲ್ಲಿಂದ ಹಿಡಿದಿದ್ದಾರೆ ಎಂದು ಬರೆದು ಕೇಳಿ, ಮನೆಯ ಒಂದೊಂದು ಕೋಣೆಯನ್ನೂ ಅಳೆದು ಫೋಟೊ ತೆಗೆದಿಡಿ, ನೋಟಿಸು ಬಂದರೆ ಗಡುವಿನೊಳಗೆ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ ಎಂದೆ. ಅವರು ತಲೆಯಾಡಿಸಿದರೂ ಅಳೆಯುವ ವಿಷಯ ಅರ್ಥವಾದಂತೆ ಕಾಣಲಿಲ್ಲ. ಗುರುವಾರ ಮುಂಜಾನೆ ನಾನೇ ಟೇಪು ತಗೊಂಡು ಬರುತ್ತೇನೆ, ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕು ಎಂದೆ.

"ನಮ್ಮ ಹುಡುಗ ಅದಾನ್ರೀ, ಹಿಡೀತಾನ" ಎಂದರು.